ಛಲ ಸಾಕು, ನಿಧಾನ ಕಲಿಸಿ

ಅರಕಲಗೂಡಿನ ನನ್ನ ಚಿಕ್ಕಮ್ಮನ ಮಗ ಓಡುವುದನ್ನು ಬಿಟ್ಟಾಗ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: "ಅವನಿಗೆ ಛಲ ಇಲ್ಲ."

ಪೊಲೀಸ್ ಕಾನ್‌ಸ್ಟೆಬಲ್ ಆಗಲು ಹೊರಟ ಹುಡುಗ. ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಇವನು ಮೊದಲ ದಿನವೇ ನಾಲ್ಕೂ ಸುತ್ತನ್ನು ಎದ್ದೆನೋ ಬಿದ್ದೆನೋ ಎಂದು ಓಡಿದ. ಮಾರನೆಯ ದಿನವೂ ಹಾಗೆಯೇ. ಮೂರು ವಾರದಲ್ಲಿ ಎಂಟು ನಿಮಿಷದಿಂದ ಏಳು ನಿಮಿಷ ಹತ್ತು ಸೆಕೆಂಡಿಗೆ ಬಂದ. ಅಲ್ಲಿಗೆ ನಿಂತ. ಒಂದೂವರೆ ತಿಂಗಳು ದಿನಾ ಪ್ರಾಣ ಬಿಟ್ಟು ಓಡಿದರೂ ಒಂದು ಸೆಕೆಂಡು ಇಳಿಯಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ಮೂಳೆ ನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಕಾಲೂರಲು ಆಗುತ್ತಿರಲಿಲ್ಲ. ತರಬೇತಿ ಕೊಡುತ್ತಿದ್ದವರು "ನೋವಿಲ್ಲದೆ ಓಟ ಬರುತ್ತೇನೋ?" ಎಂದರು. ಓಡಿದ, ಕುಂಟಿದ, ಬಿಟ್ಟ.

ನನ್ನ ತಕರಾರು ಇಷ್ಟೆ. ಆ ಹುಡುಗನಲ್ಲಿ ಛಲ ಬೇಕಾದಷ್ಟಿತ್ತು. ಅವನ ಸುತ್ತ ಇಲ್ಲದೆ ಹೋದದ್ದು "ನಿಧಾನಕ್ಕೆ ಓಡಪ್ಪ" ಎಂದು ಹೇಳುವ ಒಬ್ಬ ಮನುಷ್ಯ.

ಇದನ್ನು ಹೇಳುವ ನಾನೇನೂ ದೊಡ್ಡ ಓಟಗಾರ್ತಿಯಲ್ಲ. ಹೊಳೆನರಸೀಪುರದಲ್ಲಿ ಶಾಲೆಗೆ ಹೋಗುವಾಗ ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೂರು ಮೀಟರ್ ಓಡಿಸುತ್ತಿದ್ದರು. ಮೊದಲು ಬಂದ ಮೂವರನ್ನು ತಾಲ್ಲೂಕು ಮಟ್ಟಕ್ಕೆ ಆರಿಸಿಕೊಂಡು, ಉಳಿದವರನ್ನು ಸುಣ್ಣದ ಗೆರೆ ಎಳೆಯಲು ಕಳಿಸುತ್ತಿದ್ದರು. ನಾನು ಓಡಲಾರದವಳು ಎಂಬುದು ಇಪ್ಪತ್ತು ಸೆಕೆಂಡಿನಲ್ಲಿ ತೀರ್ಮಾನವಾಗಿ ಹೋಯಿತು, ಮತ್ತು ನಾನು ಅದನ್ನು ಹದಿನೈದು ವರ್ಷ ನಂಬಿಕೊಂಡೆ. ಸಂಶೋಧನೆಗೆಂದು ಹಾಸನಕ್ಕೆ ಬಂದು, ಕೂತು ಕೂತು ಸೊಂಟ ಹಿಡಿದ ಮೇಲೆ ಬೆಳಿಗ್ಗೆ ಓಡಲು ಹೋದೆ. ಅರ್ಧ ಸುತ್ತಿಗೇ ಉಸಿರು ಬಾಯಿಗೆ ಬಂತು. ಎರಡು ಸಲ ಶುರು ಮಾಡಿ ಎರಡು ಸಲವೂ ಮೂರನೆಯ ವಾರಕ್ಕೆ ಬಿಟ್ಟೆ. ಮೂರನೆಯ ಸಲ, ನಾಚಿಕೆ ಬಿಟ್ಟು, ನಡೆಯುವವರ ಜೊತೆಗೇ ಇರುವಷ್ಟು ನಿಧಾನಕ್ಕೆ ಓಡಿದೆ. ಅದಾಗಿ ಎರಡು ವರ್ಷ. ಇನ್ನೂ ಬಿಟ್ಟಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ, ದೇಹದ ಲೆಕ್ಕ. ಓಡಲು ತೊಡಗಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಸ್ನಾಯುಗಳು ಹೊಂದಿಕೊಳ್ಳುತ್ತವೆ. ಅದಕ್ಕೇ ಆರಂಭದಲ್ಲಿ ಸಮಯ ಸರಸರನೆ ಇಳಿಯುತ್ತದೆ. ಮೂಳೆಗೂ ಸ್ನಾಯುರಜ್ಜುಗಳಿಗೂ ಗಟ್ಟಿಯಾಗಲು ತಿಂಗಳುಗಳು ಬೇಕು. ಎತ್ತಿನ ಗಾಡಿಗೆ ಟ್ರ್ಯಾಕ್ಟರ್ ಎಂಜಿನ್ ಕೂರಿಸಿದ ಹಾಗೆ: ಎಂಜಿನ್ ಎಳೆಯುತ್ತದೆ, ಅಚ್ಚು ಮುರಿಯುತ್ತದೆ. ಇನ್ನೊಂದು ಸಂಗತಿ, ದೇಹ ಬಲಗೊಳ್ಳುವುದು ಓಡಿದ ಮೇಲಿನ ವಿಶ್ರಾಂತಿಯಲ್ಲಿ. ದಿನಾ ಅದೇ ದೂರವನ್ನು ಅದೇ ಜೋರಿನಲ್ಲಿ ಓಡುವವನು ದಿನಾ ಪರೀಕ್ಷೆ ಬರೆಯುತ್ತಾನೆ, ಓದುವುದೇ ಇಲ್ಲ. ಅವನ ಅಂಕ ಎಲ್ಲಿಂದ ಏರಬೇಕು?

1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ಹೊಸಬರಿಗೆಂದು 9 ವಾರಗಳ ಒಂದು ಪಾಠಪಟ್ಟಿ ಮಾಡಿದ. ವಾರಕ್ಕೆ ಮೂರೇ ದಿನ. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಜಗತ್ತಿನಾದ್ಯಂತ ಎಷ್ಟೋ ಜನ ಇದನ್ನು ಹಿಡಿದು ಐದು ಕಿಲೋಮೀಟರ್ ಓಡಲು ಕಲಿತಿದ್ದಾರೆ. ಓಡುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು ಎಂದು ಅರ್ಥ. ಇಷ್ಟು ಸರಳ ಮಾತನ್ನು ನಮ್ಮ ಮೈದಾನಗಳಲ್ಲಿ ಯಾಕೆ ಯಾರೂ ಹೇಳುವುದಿಲ್ಲ?

ಯಾಕೆಂದರೆ ನಮಗೆ ಬೇಕಾಗಿರುವುದು ಹುಟ್ಟು ಪ್ರತಿಭೆ. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಕುಣಿಯಿತು. ನೂರು ಮೀಟರಿಗೆ 9.55 ಎಂದು ಭಾಗಿಸಿ, ಬೋಲ್ಟ್‌ನ 9.58ರ ಪಕ್ಕಕ್ಕಿಟ್ಟು ನೋಡಿದೆವು. ಆ ಮನುಷ್ಯ ಮಾತ್ರ ನೆಲದ ಮೇಲೇ ಇದ್ದರು. ಕೋಣಗಳ ಜೊತೆಗಿನ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದು ಕ್ರೀಡಾ ಪ್ರಾಧಿಕಾರದ ಆಯ್ಕೆ ಓಟಕ್ಕೆ ಒಪ್ಪಲಿಲ್ಲ. ಅವರಿಗಿದ್ದ ತಿಳಿವಳಿಕೆ ನಮಗಿರಲಿಲ್ಲ. ಪ್ರತಿಭೆ ಇದ್ದರೆ ಮೆರವಣಿಗೆ, ಇಲ್ಲದಿದ್ದರೆ ಛಲದ ಭಾಷಣ. ನಡುವೆ ಇರುವ ಕಲಿಕೆಗೆ ನಮ್ಮಲ್ಲಿ ಜಾಗವೇ ಇಲ್ಲ.

"ಪಿಎಚ್‌ಡಿ ಮಾಡೋರಿಗೆ ನಿಧಾನದ ಶೋಕಿ, ಪರೀಕ್ಷೆಗೆ ದಿನ ಎಣಿಸೋನಿಗೆ ಅದೆಲ್ಲಿ ಸಾಧ್ಯ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗಾಯವನ್ನು ಎಲ್ಲರಿಗಿಂತ ಕಡಿಮೆ ತಡೆದುಕೊಳ್ಳಬಲ್ಲವನು ಅವನೇ. ನನ್ನ ಕಾಲು ನೋಯ್ದರೆ ಒಂದು ಅಧ್ಯಾಯ ತಡವಾಗುತ್ತದೆ. ಹೊಗೆಸೊಪ್ಪು, ಆಲೂಗಡ್ಡೆ ನಂಬಿದ ಮನೆಯ ಹುಡುಗನ ಕಾಲು ನೋಯ್ದರೆ ಒಂದು ನೌಕರಿ ಹೋಗುತ್ತದೆ, ಮುಂದಿನ ನೇಮಕಾತಿಗೆ ವಯಸ್ಸೇ ಮೀರಿರಬಹುದು. ಹಾಗಾಗಿ ಅಧಿಸೂಚನೆ ಬಂದ ಮೇಲೆ ಬೂಟು ಕೊಳ್ಳುವುದನ್ನು ಬಿಡಬೇಕು. ಡಿಗ್ರಿಗೆ ಸೇರಿದ ವರ್ಷವೇ ವಾರಕ್ಕೆ ಮೂರು ದಿನ ನಿಧಾನಕ್ಕೆ ಓಡಲು ಶುರು ಮಾಡಿದರೆ, ಕೊನೆಯಲ್ಲಿ ವೇಗ ಕೂಡಿಸಲು ಗಟ್ಟಿ ಕಾಲಾದರೂ ಇರುತ್ತದೆ.

ಭಾನುವಾರಗಳಂದು ಚನ್ನರಾಯಪಟ್ಟಣದ ಗೆಳತಿಯ ಮನೆಗೆ ಹೋದಾಗ ಇಬ್ಬರೂ ಊರಾಚೆ ಓಡುತ್ತೇವೆ. ಟೀ ಅಂಗಡಿಯವರು ಇವತ್ತಿಗೂ "ಯಾಕ್ರಮ್ಮ, ಬಸ್ಸು ತಪ್ಪೋಯ್ತಾ?" ಎಂದು ನಗುತ್ತಾರೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಅಜ್ಜಿಯರನ್ನು ನೋಡಿ. ಇಪ್ಪತ್ತು ಮೆಟ್ಟಿಲು ಹತ್ತಿ ಕೂರುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಏಳುತ್ತಾರೆ. ಅವರಿಗೆ ಛಲ ಇಲ್ಲ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬೆಟ್ಟ ಹತ್ತುವವರಿಗೆ ಕೊಡುವ ಈ ರಿಯಾಯಿತಿಯನ್ನು ಓಡಲು ಕಲಿಯುವವರಿಗೂ ಕೊಡಿ ಎಂದಷ್ಟೇ ನಾನು ಕೇಳುತ್ತಿರುವುದು. ಪಿ.ಟಿ. ಮೇಷ್ಟ್ರುಗಳು ಆ ಮೊದಲ ಮೂವರನ್ನು ಬಿಟ್ಟು ಉಳಿದವರ ಕಡೆಗೂ ತಿರುಗಲಿ. ಮೈದಾನದಲ್ಲಿ ವಾಚು ಹಿಡಿದವರು ವಾರಕ್ಕೊಂದು ದಿನ ಅದನ್ನು ಜೇಬಿಗಿಳಿಸಲಿ.

ಚಿಕ್ಕಮ್ಮನ ಮಗ ಆರು ತಿಂಗಳು ಬಿಟ್ಟು, ಕಾಲು ಪೂರಾ ವಾಸಿಯಾದ ಮೇಲೆ ಮತ್ತೆ ಶುರು ಮಾಡಿದ್ದಾನೆ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. "ಅಕ್ಕಾ, ವಾಕಿಂಗ್ ಮಾಡೋ ತಾತಂದಿರೆಲ್ಲ ನನ್ನ ದಾಟ್ಕೊಂಡು ಹೋಗ್ತಾರೆ" ಎಂದು ಮೊನ್ನೆ ಫೋನಿನಲ್ಲಿ ಗೊಣಗಿದ. ಹೋಗಲಿ ಬಿಡೋ ಎಂದೆ. ಅವನಿಗೆ ನೌಕರಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕಾಲು ಮಾತ್ರ ನೋಯುತ್ತಿಲ್ಲವಂತೆ.