ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಕೋಡಿಂಬಾಳದ ರೈಲು ನಿಲ್ದಾಣ ಚಿಕ್ಕದು. ಆದರೆ ಅದರೆದುರು ಹಾದುಹೋಗುವ ಹಳಿಯ ಕಥೆ ದೊಡ್ಡದು. ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಮೀಟರ್‌ಗೇಜ್ ಹಳಿಯಾಗಿ ಪೂರ್ಣಗೊಂಡಿತು. ಅದನ್ನು ಬ್ರಾಡ್‌ಗೇಜ್ ಮಾಡುವ ಕೆಲಸಕ್ಕೆ 1996ರಲ್ಲಿ ಕೈಹಾಕಲಾಯಿತು. ಹೊಸ ಹಳಿಯ ಮೇಲೆ ಘಟ್ಟ ದಾಟಿ ಗೂಡ್ಸ್ ರೈಲು ಓಡಿದ್ದು 2006ರಲ್ಲಿ; ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವೆ 50ಕ್ಕೂ ಹೆಚ್ಚು ಸುರಂಗಗಳು, ಸಾಲು ಸಾಲು ಸೇತುವೆಗಳು. ಅಂಥ ಕೆಲಸದಲ್ಲಿ ದಿನ ಮುಂದೆ ಹೋಗಬಹುದು. ಸೇತುವೆಯ ಗಟ್ಟಿತನದಲ್ಲಿ ಮಾತ್ರ ರಾಜಿ ಮಾಡಿಕೊಳ್ಳುವಂತಿಲ್ಲ.

ಇನ್ನು ಅದೇ ಊರಿನ ಒಂದು ಹೈಸ್ಕೂಲಿನಲ್ಲಿ ಡಿಸೆಂಬರ್ 20ರ ಸಂಜೆ ವಾರ್ಷಿಕೋತ್ಸವ ಎಂದು ಇಟ್ಟುಕೊಳ್ಳಬಹುದು. ಆಮಂತ್ರಣ ಪತ್ರಿಕೆ ಮನೆ ಮನೆಗೆ ಹೋದ ಮೇಲೆ "ನಾಟಕ ಇನ್ನೂ ಕಲಿತಾಗಿಲ್ಲ, 27ಕ್ಕೆ ಬನ್ನಿ" ಎನ್ನುವಂತಿಲ್ಲ. ಇಲ್ಲಿ ದಿನ ಗಟ್ಟಿ; ಹೆಚ್ಚು ಕಡಿಮೆ ಮಾಡಬಹುದಾದದ್ದು ಕಾರ್ಯಕ್ರಮದ ಹರವು. ರೈಲು ಮಾರ್ಗವೂ ಒಂದು ಪ್ರಾಜೆಕ್ಟ್, ವಾರ್ಷಿಕೋತ್ಸವವೂ ಒಂದು ಪ್ರಾಜೆಕ್ಟ್. ಆದರೆ ಯಾವುದನ್ನು ಕದಲಿಸಬಹುದು, ಯಾವುದನ್ನು ಕದಲಿಸಬಾರದು ಎಂಬ ವಿಷಯದಲ್ಲಿ ಎರಡೂ ತಿರುವುಮುರುವು. ಯೋಜನೆಯ ವಿಧಾನವನ್ನು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಕೇಳದೆ ಹೊರಟರೆ ಏನಾಗುತ್ತದೆ ಎಂಬುದು ಮಕ್ಕಳಿಗೂ ಪೋಷಕರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಮೊದಲ ಎರಡು ವಾರ ಬರೀ ಸಭೆಗಳು, ಕೊನೆಯ ನಾಲ್ಕು ದಿನ ಬರೀ ಓಡಾಟ. ಚುರುಕಾಗಿರುವ ಮೂರೋ ನಾಲ್ಕೋ ಮಕ್ಕಳ ಹೆಗಲಿಗೆ ಎಲ್ಲ ಕೆಲಸ. ನಾಟಕಕ್ಕೂ ಅವರೇ, ನಿರೂಪಣೆಗೂ ಅವರೇ, ಬಹುಮಾನದ ಪಟ್ಟಿ ಬರೆಯುವುದಕ್ಕೂ ಅವರೇ. ಅವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯವರು. ತಾಲೀಮು ಮುಗಿದು, ಬಸ್ಸು ತಪ್ಪಿ, ತೋಟದ ದಾರಿಯಲ್ಲಿ ಟಾರ್ಚ್ ಹಿಡಿದು ಮನೆ ಸೇರುವ ಹುಡುಗಿಗೆ ಮರುದಿನದ ಗಣಿತದ ಕಿರುಪರೀಕ್ಷೆ ನೆನಪಾಗುವುದು ಊಟಕ್ಕೆ ಕುಳಿತಾಗ. ತಪ್ಪು ಅವಳದಲ್ಲ; ಯಾರೂ ಮಾಡದೆ ಬಿಟ್ಟ ಲೆಕ್ಕದ್ದು.

ಹಿರಿಯರ ಎಣಿಕೆ

ಹಿಂದಿನಿಂದ ಎಣಿಸುವ ಕ್ರಮ ತುಳುನಾಡಿಗೆ ಹೊಸತಲ್ಲ. ಜಾತ್ರೆಗೋ ನೇಮಕ್ಕೋ ಕೆಲವು ದಿನ ಮೊದಲು ಗೊನೆ ಮುಹೂರ್ತ ನಡೆಯುತ್ತದೆ. ಅದರ ಧಾರ್ಮಿಕ ಅರ್ಥ ಹಾಗಿರಲಿ. ಸಸ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ, ಕಡಿದ ಬಾಳೆಗೊನೆ ಹಣ್ಣಾಗಲು ಅದರದೇ ಆದ ದಿನಗಳು ಬೇಕು. ಹತ್ತು ಜನ ಸುತ್ತ ನಿಂತರೂ ಅದು ಬೇಗ ಹಣ್ಣಾಗದು. ಚಪ್ಪರ ಹಾಗಲ್ಲ. ನಾಲ್ವರು ಎರಡು ದಿನದಲ್ಲಿ ಹಾಕುವ ಚಪ್ಪರವನ್ನು ಎಂಟು ಜನ ಒಂದೇ ದಿನದಲ್ಲಿ ಹಾಕಬಹುದು. ಕೈ ಹೆಚ್ಚಿದರೆ ಬೇಗ ಮುಗಿಯುವ ಕೆಲಸಗಳು, ಕೈ ಹೆಚ್ಚಿದರೂ ಬೇಗ ಮುಗಿಯದ ಕೆಲಸಗಳು ಎಂದು ಎರಡು ಪಟ್ಟಿ ಮಾಡಿದವರಿಗೆ ಅರ್ಧ ಯೋಜನೆ ಕೈಸೇರಿದಂತೆ. ನಾಟಕದ ತಾಲೀಮು ಬಾಳೆಗೊನೆಯ ಜಾತಿಗೆ ಸೇರಿದ್ದು.

ಇಂಥ ತಿಳಿವಳಿಕೆಗೆ ಗಣಿತದ ರೂಪ ಸಿಕ್ಕಿದ್ದು ಕಳೆದ ಶತಮಾನದಲ್ಲಿ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಕೆಲಸಗಳನ್ನು ದಿನಗಳ ಮೇಲೆ ಅಡ್ಡಪಟ್ಟಿಗಳಾಗಿ ಬರೆಯುವ ನಕ್ಷೆಯನ್ನು ಬಳಕೆಗೆ ತಂದ. 1957ರ ಸುಮಾರಿಗೆ ಡ್ಯೂಪಾಂಟ್ ಕಂಪೆನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ 'ಕ್ರಿಟಿಕಲ್ ಪಾತ್', ಅಂದರೆ ನಿರ್ಣಾಯಕ ಹಾದಿಯ ವಿಧಾನವನ್ನು ರೂಪಿಸಿದರು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 'ಪರ್ಟ್' ಎಂಬ ವಿಧಾನವನ್ನು ತಂದಿತು. ಹೆಸರು ದೊಡ್ಡದಾದರೂ ಒಳಗಿರುವುದು ಕೂಡುವ ಕಳೆಯುವ ಲೆಕ್ಕ. ಎಂಟನೆಯ ತರಗತಿಯವರೂ ಮಾಡಬಹುದು.

ಮೂರು ಎಳೆಗಳು

ಕೋಡಿಂಬಾಳದ ಆ ವಾರ್ಷಿಕೋತ್ಸವವನ್ನೇ ತೆಗೆದುಕೊಂಡರೆ ಅದರಲ್ಲಿ ಮೂರು ಎಳೆಗಳು ಕಾಣುತ್ತವೆ.

ಮೊದಲನೆಯದು ಆಮಂತ್ರಣದ ಎಳೆ. ಅತಿಥಿಗಳ ಒಪ್ಪಿಗೆಗೆ 5 ದಿನ, ಅಚ್ಚಿಗೆ 5 ದಿನ, ಹಂಚಲು 4 ದಿನ. ಪತ್ರಿಕೆ ಮನೆ ಸೇರಿದ ಮೇಲೆ ಜನರಿಗೆ 5 ದಿನವಾದರೂ ಪುರುಸೊತ್ತು ಬೇಕು. ಒಟ್ಟು 19 ದಿನ. ಎರಡನೆಯದು ವೇದಿಕೆಯ ಎಳೆ. ಹಣ ಒಟ್ಟುಗೂಡಿಸಲು 8 ದಿನ, ಶಾಮಿಯಾನ ಮತ್ತು ಮೈಕ್ ಗೊತ್ತುಮಾಡಲು 2 ದಿನ, ಕಟ್ಟಲು 2 ದಿನ. ಒಟ್ಟು 12. ಮೂರನೆಯದು ನಾಟಕದ ಎಳೆ. ನಾಟಕ ಆರಿಸಿ ಪಾತ್ರ ಹಂಚಲು 3 ದಿನ, ಆಮೇಲೆ ತಾಲೀಮು, ಕೊನೆಗೆ ವೇಷಭೂಷಣದೊಡನೆ ಪೂರ್ತಿ ಪ್ರಯೋಗಕ್ಕೆ 4 ದಿನ.

ತಾಲೀಮಿಗೆ ಎಷ್ಟು ದಿನ? ಇಲ್ಲಿ ಪರ್ಟ್ ನೆರವಿಗೆ ಬರುತ್ತದೆ. ಎಲ್ಲವೂ ಸುಸೂತ್ರವಾದರೆ 12 ದಿನ, ಸಾಮಾನ್ಯವಾಗಿ 15 ದಿನ, ಮಕ್ಕಳಿಗೆ ಜ್ವರ ಬಂದು ಪಾತ್ರ ಬದಲಾದರೆ 30 ದಿನ ಎಂದು ಅಂದಾಜು ಮಾಡಿದರೆ, ಮಧ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 12, 60, 30 ಕೂಡಿದರೆ 102. ಆರರಿಂದ ಭಾಗಿಸಿದರೆ 17. "ಹದಿನೈದು ದಿನ ಸಾಕು" ಎಂಬ ಬಾಯಿಮಾತಿಗಿಂತ ಇದು ಎರಡು ದಿನ ಹೆಚ್ಚು. ಆ ಎರಡು ದಿನವೇ ಜ್ವರಕ್ಕೆ ಇಟ್ಟ ಮೀಸಲು.

ಹಾಗಾದರೆ ನಾಟಕದ ಎಳೆ 3, 17, 4 ಸೇರಿ 24 ದಿನ. ಮೂರರಲ್ಲಿ ಉದ್ದನೆಯದು ಇದೇ. ಆದ್ದರಿಂದ ನಿರ್ಣಾಯಕ ಹಾದಿಯೂ ಇದೇ. ಡಿಸೆಂಬರ್ 20ರಿಂದ ಹಿಂದಕ್ಕೆ ಎಣಿಸಿದರೆ ನವೆಂಬರ್ 26ರಂದು ಪಾತ್ರ ಹಂಚಿಕೆ ಶುರುವಾಗಲೇಬೇಕು. ಭಾನುವಾರ ಬಿಡುವುದಾದರೆ ಇನ್ನೂ ಮೂರು ನಾಲ್ಕು ದಿನ ಮೊದಲು. ಆಮಂತ್ರಣಕ್ಕೆ 5 ದಿನದ ಸಡಿಲು ಇದೆ, ವೇದಿಕೆಗೆ 12 ದಿನದ ಸಡಿಲು ಇದೆ. ನಾಟಕಕ್ಕೆ ಒಂದು ದಿನವೂ ಇಲ್ಲ. ಆದರೆ ಸಭೆಗಳಲ್ಲಿ ಹೆಚ್ಚು ಹೊತ್ತು ಚರ್ಚೆಯಾಗುವುದು ಶಾಮಿಯಾನದ ಬಣ್ಣ, ಅತಿಥಿಗಳ ಪಟ್ಟಿ. ನಾಟಕ ಯಾವುದೆಂದು ಕೇಳಿದರೆ "ಮಕ್ಕಳು ನೋಡಿಕೊಳ್ಳುತ್ತಾರೆ" ಎಂಬ ಉತ್ತರ. ಲೆಕ್ಕ ಬರೆದ ಹಾಳೆಯೊಂದು ಮೇಜಿನ ಮೇಲಿದ್ದರೆ ಚರ್ಚೆಯ ಕ್ರಮವೇ ಬದಲಾಗುತ್ತದೆ.

ದಿನ ಗೊತ್ತುಮಾಡುವ ಮೊದಲೇ ಪಂಚಾಂಗವನ್ನೂ ಶಾಲೆಯ ವೇಳಾಪಟ್ಟಿಯನ್ನೂ ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ಕುಕ್ಕೆಯ ಚಂಪಾಷಷ್ಠಿ, ಊರಿನ ಜಾತ್ರೆ, ಪರೀಕ್ಷೆಗಳು ಇವೆಲ್ಲ ಯಾರ ಮಾತಿಗೂ ಸರಿಯುವಂಥವಲ್ಲ.

ಹರವಿಗೆ ಕತ್ತರಿ

ದಿನ ಕದಲದಿದ್ದಾಗ ಕತ್ತರಿ ಬೀಳಬೇಕಾದದ್ದು ಹರವಿಗೆ. 22 ನೃತ್ಯಗಳು, ಒಂದೊಂದಕ್ಕೆ 6 ನಿಮಿಷ, ನಡುವೆ ಸಿದ್ಧತೆಗೆ 2 ನಿಮಿಷ ಎಂದರೆ 176 ನಿಮಿಷ. ಸಭಾ ಕಾರ್ಯಕ್ರಮಕ್ಕೆ 60, ಬಹುಮಾನಕ್ಕೆ 40, ನಾಟಕಕ್ಕೆ 45. ಒಟ್ಟು 321 ನಿಮಿಷ. ಸಂಜೆ 6ಕ್ಕೆ ಆರಂಭವಾದರೆ ಮುಗಿಯುವುದು ರಾತ್ರಿ 11 ಗಂಟೆ 21 ನಿಮಿಷಕ್ಕೆ. ಅಷ್ಟು ಹೊತ್ತಿಗೆ ಚಿಕ್ಕ ಮಕ್ಕಳು ಬಣ್ಣ ಹಚ್ಚಿಕೊಂಡೇ ಅಮ್ಮಂದಿರ ಮಡಿಲಲ್ಲಿ ನಿದ್ದೆಹೋಗಿರುತ್ತಾರೆ. ಕಾನೂನೂ ಅಡ್ಡಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಕೆಲವು ಸಂದರ್ಭಗಳಿಗೆ ಸರಕಾರ ವಿನಾಯಿತಿ ಕೊಟ್ಟರೂ ಅದು ಮಧ್ಯರಾತ್ರಿಯ ವರೆಗೆ ಮಾತ್ರ.

6ರಿಂದ 10ಕ್ಕೆ ಸಿಗುವುದು 240 ನಿಮಿಷ. ಒಂದೇ ತರಗತಿಯ ಎರಡು ನೃತ್ಯಗಳನ್ನು ಸೇರಿಸಿ ಒಂದು ಮಾಡುತ್ತ ಹೋದರೆ ಯಾವ ಮಗುವೂ ವೇದಿಕೆ ತಪ್ಪಿಸಿಕೊಳ್ಳದೆ 22 ನೃತ್ಯಗಳು 14 ಆಗುತ್ತವೆ. 112 ನಿಮಿಷ ಸಾಕು. ಭಾಷಣಗಳು 30 ನಿಮಿಷಕ್ಕೆ ಇಳಿದು, ತರಗತಿವಾರು ಬಹುಮಾನಗಳು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಿ 20 ನಿಮಿಷದಷ್ಟು ಉಳಿದರೆ, ನಾಟಕವೂ ಸೇರಿ 207. ಇನ್ನೂ 33 ನಿಮಿಷ ಕೈಯಲ್ಲಿರುತ್ತದೆ; ಕರೆಂಟು ಹೋದರೂ ಗಾಬರಿಯಿಲ್ಲ. ಕರಾವಳಿಯ ಯಕ್ಷಗಾನದವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ರಾತ್ರಿಯಿಡೀ ಆಡುವ ಪ್ರಸಂಗವನ್ನೇ ಕಾಲಮಿತಿಯ ಪ್ರದರ್ಶನದಲ್ಲಿ ಕೆಲವು ಗಂಟೆಗಳಿಗೆ ಇಳಿಸುತ್ತಾರೆ. ಕಥೆ ಅದೇ ಇರುತ್ತದೆ. ಯಾವ ಪದ್ಯ ಉಳಿಯಬೇಕು, ಯಾವುದು ಬಿಡಬೇಕು ಎಂಬ ತೀರ್ಮಾನ ರಂಗಕ್ಕೆ ಬರುವ ಮೊದಲೇ ಆಗಿರುತ್ತದೆ.

ಯಾವ ಕೆಲಸಕ್ಕೆ ಯಾವ ವಿಧಾನ

ಇಷ್ಟಾದರೂ ನಾಟಕದ ಒಳಗಿನ ಕೆಲಸ ಪಟ್ಟಿಗೆ ಬಗ್ಗುವುದಿಲ್ಲ. ಯಾವ ದೃಶ್ಯ ನಗಿಸುತ್ತದೆ, ಯಾವುದು ಎಳೆದಂತಾಗುತ್ತದೆ ಎಂದು ಮೊದಲೇ ಹೇಳಲಾಗದು. ಇಂಥಲ್ಲಿ ಬೇರೊಂದು ವಿಧಾನ ಒಗ್ಗುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ತಜ್ಞರು 'ಅಜೈಲ್' ಎಂಬ ಹೆಸರಿನಲ್ಲಿ ಒಂದು ಘೋಷಣೆ ಹೊರಡಿಸಿದರು. ಸ್ವಲ್ಪ ಮಾಡು, ಬಳಸುವವರಿಗೆ ತೋರಿಸು, ತಿದ್ದು, ಮತ್ತೆ ಮಾಡು ಎಂಬುದು ಅದರ ಸಾರ. ನಾಟಕಕ್ಕೆ ಅನ್ವಯಿಸುವುದಾದರೆ, ಪ್ರತಿ ಶನಿವಾರ ಆದಷ್ಟನ್ನು ಏಳನೆಯ ತರಗತಿಯವರ ಎದುರು ಆಡಿ ತೋರಿಸುವುದು. ಅವರು ಆಕಳಿಸಿದ ದೃಶ್ಯ ಮುಂದಿನ ವಾರಕ್ಕೆ ಚಿಕ್ಕದಾಗಬೇಕು. ಆದರೆ ಶಾಮಿಯಾನಕ್ಕೂ ಆಮಂತ್ರಣಕ್ಕೂ ಇದೇ ವಿಧಾನ ಹಿಡಿದರೆ ಕೆಟ್ಟಿತು. ಅಚ್ಚಾದ ಪತ್ರಿಕೆಯನ್ನು ವಾರಕ್ಕೊಮ್ಮೆ ತಿದ್ದಲಾಗದು.

ಮೂರನೆಯ ಸಾಧನ ಕರಿಹಲಗೆ. ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ 'ಕಾನ್‌ಬಾನ್' ಎಂಬ ಚೀಟಿಯ ಪದ್ಧತಿ ಬೆಳೆಯಿತು. ಆ ಪದಕ್ಕೆ ಫಲಕ ಎಂದರ್ಥ. ಹಲಗೆಯ ಮೇಲೆ ಮೂರು ಅಂಕಣ: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. ಪ್ರತಿ ಕೆಲಸದ ಎದುರು ಒಬ್ಬರ ಹೆಸರು. ನಿಯಮ ಒಂದೇ: ನಡುವಿನ ಅಂಕಣದಲ್ಲಿ ಒಬ್ಬರ ಹೆಸರು ಎರಡು ಸಲ ಬರಬಾರದು. ಟಾರ್ಚ್ ಹಿಡಿದು ಮನೆಗೆ ಹೋಗುತ್ತಿದ್ದ ಹುಡುಗಿಯ ಹೆಸರು ನಾಲ್ಕು ಕಡೆ ಕಂಡೊಡನೆ ಮೂರು ಕೆಲಸಗಳು ಒಂಬತ್ತನೆಯ ತರಗತಿಯವರಿಗೆ ಹೋಗುತ್ತವೆ. ಇದುವರೆಗೆ ಯಾರೂ ಕರೆಯದೆ ಹಿಂದಿನ ಬೆಂಚಿನಲ್ಲಿ ಉಳಿದ ಹುಡುಗನಿಗೂ ಒಂದು ಕೆಲಸ ಸಿಗುತ್ತದೆ. ಹಲಗೆಯ ದೊಡ್ಡ ಉಪಕಾರ ಇದೇ.

ಆದ್ದರಿಂದ ಯಾವ ವಿಧಾನ ಶ್ರೇಷ್ಠ ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳಿದರೆ ಸಾಕು. ದಿನ ಗಟ್ಟಿಯೇ? ಹೌದಾದರೆ ನಿರ್ಣಾಯಕ ಹಾದಿಯ ಲೆಕ್ಕ ಬೇಕು. ಕೊನೆಯ ರೂಪ ಈಗಲೇ ಗೊತ್ತಿದೆಯೇ? ಇಲ್ಲವಾದರೆ ವಾರವಾರ ತೋರಿಸಿ ತಿದ್ದುವ ಕ್ರಮ ಬೇಕು. ಮಾಡುವವರು ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರೇ? ಹೌದಾದರೆ ಹಲಗೆ ಬೇಕು. ಶಾಲೆಯ ವಾರ್ಷಿಕೋತ್ಸವಕ್ಕೆ ಮೂರೂ ಬೇಕಾಗುತ್ತವೆ, ಒಂದೊಂದೂ ಅದರದರ ಜಾಗದಲ್ಲಿ.

ವಿದ್ಯಾರ್ಥಿಗಳಿಗೆ ಕೊನೆಯಲ್ಲಿ ಒಂದು ಮನೆಕೆಲಸ. ಮನೆಯಲ್ಲಿ ಮುಂದೆ ನಡೆಯಲಿರುವ ಮದುವೆಯನ್ನೋ ಗೃಹಪ್ರವೇಶವನ್ನೋ ತೆಗೆದುಕೊಂಡು, ಯಾವ ಕೆಲಸ ಎಷ್ಟು ದಿನ ಮುಂಚೆ ಶುರುವಾಗಬೇಕೆಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಬರೆದುಕೊಳ್ಳಿ. ಎಳೆಗಳನ್ನು ಬಿಡಿಸಿ ಉದ್ದನೆಯದನ್ನು ಗುರುತಿಸಿ. ಪೋಷಕರು ಆ ಹಾಳೆಯನ್ನು ಗೋಡೆಗೆ ಅಂಟಿಸಲಿ. ಮಗುವಿನ ಹೆಸರನ್ನು ಒಂದು ಕೆಲಸದ ಎದುರು ಬರೆಯಲಿ, ಒಂದೇ ಕೆಲಸದ ಎದುರು.