ಚಹಾ ಕುಡೀರಿ, ಖರೆ ಕೂತು ಕುಡೀರಿ

ಇತ್ತಿತ್ಲಾಗ ಯಾರ ಮನಿಗೆ ಹೋದ್ರೂ ಮೊದಲನೇ ಪ್ರಶ್ನಿ, "ವೈನಿ, ಯಾವ ಚಹಾ ಮಾಡ್ಲಿ?" ಗ್ರೀನ್ ಟೀ ಅದ, ತುಳಸಿದು ಅದ, ಲೆಮನ್ ಗ್ರಾಸಿಂದು ಅದ, ಶಂಖಪುಷ್ಪದ ನೀಲಿ ಚಹಾನೂ ಅದ ಅಂತ ಡಬ್ಬಿ ಸಾಲಾಗಿ ತೋರಸ್ತಾರ. ಮೊದಲ ಹಿಂಗಿದ್ದಿಲ್ಲ. ಚಹಾ ಅಂದ್ರ ಒಂದ ಚಹಾ. ಬೋಗೋಣಿಗೆ ನೀರು, ಸಕ್ರಿ, ಪುಡಿ, ಜಜ್ಜಿದ ಅಲ್ಲಾ, ಮ್ಯಾಲೆ ಹಾಲು, ಎರಡು ಕುದಿ ಬಂತಂದ್ರ ಸೋಸಿ ಕಪ್ಪು-ಬಶಿಯೊಳಗ ಕೊಡೋದು. ಕೇಳೋದಿದ್ರ ಒಂದ ಮಾತು, "ಸಕ್ರಿ ನಡೀತದೋ ಇಲ್ಲೋ?"

ಈ ಹೊಸಾ ಡಬ್ಬಿಗೋಳ ವಿಷಯದಾಗ ನಮ್ಮ ಬಳಗ ಎರಡು ಪಾರ್ಟಿ ಆಗ್ಯದ. ಒಂದು ಪಾರ್ಟಿಯವರು ಈ ಎಲಿ ಕುಡದ್ರ ತೂಕಾ ಇಳೀತದ, ಶುಗರ್ ಇಳೀತದ, ಮೈಯಾಗಿನ ವಿಷಾ ಎಲ್ಲಾ ಹೊರಗ ಹೋಗ್ತದ ಅಂತಾರ. ಇನ್ನೊಂದು ಪಾರ್ಟಿಯವರು, ಅಂದ್ರ ನಮ್ಮ ಅತ್ಯಾ, ಮೌಶಿ ವಯಸ್ಸಿನವರು, "ಹುಲ್ಲಿನ ನೀರಿಗೆ ಇಷ್ಟು ರೊಕ್ಕ ಯಾಕ್ವಾ?" ಅಂತ ನಗ್ತಾರ. ನನಗ ಇಬ್ಬರ ಮಾತೂ ಪೂರ್ತಿ ಒಪ್ಪಿಗಿ ಇಲ್ಲ. ಛಲೋ ಎಲಿ ಚಹಾ ಅಂದ್ರ ಖರೇನ ಒಂದು ಸುಖ. ಮನಿ ಕಷಾಯಾನೂ ಹಂಗ. ಖರೆ ಅದು ಔಷಧ ಅಲ್ಲ. ಅದರಿಂದ ನಮಗ ಒಳ್ಳೇದಾಗೋದು ಡಬ್ಬಿ ಮ್ಯಾಲೆ ಏನು ಬರದಾರ ಅನ್ನೋದರಿಂದ ಅಲ್ಲ, ನಾವು ಯಾವಾಗ ಕುಡೀತೀವಿ, ಹೆಂಗ ಕುಡೀತೀವಿ ಅನ್ನೋದರಿಂದ.

ಮೊದಲ ಎಲಿ ಚಹಾದ ಮಾತು. ಕಪ್ಪು ಚಹಾ, ಗ್ರೀನ್ ಟೀ, ಬಿಳಿ ಚಹಾ, ಊಲಾಂಗ್ ಅಂತ ಏನೇನೋ ಹೆಸರು ಕೇಳಿದ್ರೂ ಗಿಡಾ ಒಂದ ರೀ. ಎಲಿ ಹರದ ಮ್ಯಾಲೆ ಅದನ್ನ ಎಷ್ಟು ಬಾಡಸ್ತಾರ, ಎಷ್ಟು ಹೊಸೀತಾರ, ಗಾಳಿಗೆ ಎಷ್ಟು ಕಪ್ಪಾಗಲಿಕ್ಕೆ ಬಿಡ್ತಾರ ಅನ್ನೋದರ ಮ್ಯಾಲೆ ಹೆಸರು ಬದಲಾಗ್ತದ. ಕಪ್ಪಾಗಲಾರದಂಗ ಮೊದಲ ಬಿಸಿ ಮಾಡಿ ಒಣಗಿಸಿದ್ರ ಗ್ರೀನ್ ಟೀ. ಪೂರ್ತಿ ಕಪ್ಪಾಗಲಿಕ್ಕೆ ಬಿಟ್ರ ಕಪ್ಪು ಚಹಾ. ಸೇಬು ಹೆಚ್ಚಿಟ್ರ ಕಂದಾಗ್ತದಲ್ಲ, ಅದ ಕೆಲಸ ಇಲ್ಲೂ.

ನಾವು ದಿನಾ ಕುದಸೋ ಕಾಳು-ಕಾಳು ಪುಡಿಗೆ ಸಿಟಿಸಿ ಅಂತಾರ. ಎಲಿ ಅರದು, ಹರದು, ಸುತ್ತೋ ಯಂತ್ರ 1930ರ ಸುಮಾರಿಗೆ ಆಸಾಮಿನ ತೋಟದಾಗ ಬಂತು, ಅಲ್ಲಿಂದ ಈ ಪುಡಿ ಎಲ್ಲಾ ಕಡೆ ಹರಡ್ತು. ಇದು ಜಲ್ದಿ ಬಣ್ಣಾ ಬಿಡ್ತದ, ಖಡಕ್ ಆಗ್ತದ, ಹಾಲಿಗೆ ಎದುರು ನಿಲ್ತದ. ಗಿರಮಿಟ್ ಮಿರ್ಚಿ ಜೋಡಿ ಕುಡೀಲಿಕ್ಕೆ ಇದರಂಥಾದ್ದು ಮತ್ತೊಂದಿಲ್ಲ. ಅದನ್ನ ಬಿಡ್ರಿ ಅಂತ ನಾ ಹೇಳಂಗಿಲ್ಲ. ಖರೆ ಇಡೀ ಎಲಿ ಚಹಾದ ರುಚಿನ ಬ್ಯಾರೆ. ಡಾರ್ಜಿಲಿಂಗಿಂದು ಹೂವಿನಂಗ ಘಮಾಡಸ್ತದ, ನೀಲಗಿರಿದು ಹಗರ ಇರ್ತದ. ನಮ್ಮ ಕರ್ನಾಟಕದಾಗೂ ಚಹಾ ಬೆಳೀತಾರ, ಸಕಲೇಶಪುರದ ಕಡೆ ಕಾಡುಮನೆ ಅಂತ ದೊಡ್ಡ ಚಹಾ ತೋಟ ಅದ. ಕಾಫಿ ನಾಡು ಅಂತ ಹೆಸರಾದ ಕಡೆ ಚಹಾನೂ ಅದ ಅಂದ್ರ ನಮ್ಮವರ ಭಾಳ ಮಂದಿ ನಂಬಂಗಿಲ್ಲ.

ಎಲಿ ಚಹಾ ತುಟ್ಟಿ ಅಂತೀರಲ್ಲ, ಒಂದು ಲೆಕ್ಕಾ ಮಾಡ್ರಿ. ಒಂದು ಕಪ್ಪಿಗೆ ಸುಮಾರು 2 ಗ್ರಾಂ ಎಲಿ ಸಾಕು. 100 ಗ್ರಾಂ ತಂದ್ರ 50 ಕಪ್ಪು. ಛಲೋ ಎಲಿ ಇದ್ರ ಅದನ್ನ ಎರಡನೇ ಸಲಾನೂ ನೆನಸಬಹುದು. ದಾರದ ಚೀಲದಾಗಿನ ಚಹಾದಾಗ ಭಾಳ ಸಲ ಇರೋದು ಎಲಿ ಜರಡಿ ಹಿಡದ ಮ್ಯಾಲೆ ಉಳದ ಸಣ್ಣ ಚೂರು, ಧೂಳು. ಮ್ಯಾಲೆ ಡಬ್ಬಿ, ಕಾಗದ, ದಾರದ್ದೂ ರೊಕ್ಕ ನಾವ ಕೊಡ್ತೀವಿ. ಅದಕ್ಕ ನನ್ನ ಮಾತು, ಬಿಡಿ ಎಲಿ ತೊಗೋರಿ, 100 ಗ್ರಾಂಕಿಂತ ಹೆಚ್ಚು ತರಬ್ಯಾಡ್ರಿ, ಗಟ್ಟಿ ಮುಚ್ಚಳದ ಡಬ್ಬಿಯೊಳಗ ಇಡ್ರಿ. ಮಸಾಲಿ ಡಬ್ಬಿ ಬಾಜೂಕ ಮಾತ್ರ ಇಡಬ್ಯಾಡ್ರಿ. ಎಲಿ ವಾಸನಿ ಭಾಳ ಹಿಡೀತದ, ನಾಳಿ ಚಹಾ ಇಂಗಿನ ವಾಸನಿ ಹೊಡೀತದ.

ಮಾಡೋದು ಹೆಂಗ? ಇದನ್ನ ಕುದಸಬಾರದು, ಅಷ್ಟ ಗುಟ್ಟು. ನೀರು ಕುದಿಸಿ ಗ್ಯಾಸ್ ಆರಿಸಿ, ಎಲಿ ಮ್ಯಾಲೆ ಹಾಕಿ ಮುಚ್ಚಿಡ್ರಿ. ಕಪ್ಪು ಎಲಿಗೆ 3-4 ನಿಮಿಷ. ಗ್ರೀನ್ ಟೀಗೆ ಕುದಿಯೋ ನೀರು ಬ್ಯಾಡ, ಸುಮಾರು 80 ಡಿಗ್ರಿ ಸಾಕು. ಥರ್ಮಾಮೀಟರ್ ಯಾರ ಮನ್ಯಾಗ ಇರ್ತದ? ಕುದಿ ಬಂದ ನೀರು ಐದು ನಿಮಿಷ ಬಿಟ್ಟು ಆಮ್ಯಾಲೆ ಹಾಕ್ರಿ, ಎರಡು ನಿಮಿಷಕ್ಕ ಸೋಸಿಬಿಡ್ರಿ. "ಗ್ರೀನ್ ಟೀ ಕಹಿ, ನುಂಗಲಿಕ್ಕೆ ಆಗಂಗಿಲ್ಲ" ಅನ್ನೋ ನಮ್ಮ ಅಕ್ಕಗೋಳು ಭಾಳ ಮಂದಿ ಅದನ್ನ ಕಷಾಯದಂಗ ಕುದಸ್ತಾರ. ಕಹಿ ಎಲಿದಲ್ಲ, ಒಲಿದು.

ಇನ್ನ ತುಳಸಿ, ಅಲ್ಲಾ, ಪುದೀನಾ, ಶಂಖಪುಷ್ಪ, ಇವು ಚಹಾ ಗಿಡದ್ದಲ್ಲ. ಇವುಗಳಾಗ ಕೆಫೀನ್ ಇಲ್ಲ, ಹಂಗಾಗಿ ಸಂಜಿ ಮ್ಯಾಲೆ ಕುಡದ್ರೂ ನಿದ್ದಿ ಕೆಡಂಗಿಲ್ಲ. ಇವು ನಮಗೇನು ಹೊಸಾವಲ್ಲ. ಶಿರಸಿ ಕಡೆ ಬಂದವರಿಗೆ ಕಷಾಯ ಕೊಡೋದು ಎಷ್ಟೋ ಮನ್ಯಾಗ ಮೊದಲಿಂದನೂ ಅದ. ನಮ್ಮ ಮನಿ ಅಳತಿ ಹೇಳ್ತೀನಿ ಬರಕೋರಿ: ನಾಲ್ಕು ಪಾಲು ಹವೀಜ, ಎರಡು ಪಾಲು ಜೀರಿಗಿ, ಒಂದು ಪಾಲು ಬಡೇಸೋಪು, ಅರ್ಧಾ ಪಾಲು ಕರಿಮೆಣಸು, ಒಂದು ತುಂಡು ಒಣಶುಂಠಿ. ಸಣ್ಣ ಉರಿ ಮ್ಯಾಲೆ ಹುರದು ತರಿತರಿ ಪುಡಿ ಮಾಡಿ ಇಟ್ಕೋರಿ. ಒಂದು ಕಪ್ಪು ನೀರಿಗೆ ಒಂದು ಸಣ್ಣ ಚಮಚ, ಬೆಲ್ಲ ಬೇಕಾದ್ರ ಚೂರು, ಹಾಲು ನಿಮ್ಮ ಖುಷಿ. ಇದನ್ನ ಮಾತ್ರ ಕುದಸಬೇಕು. ಶಂಖಪುಷ್ಪದ ನೀಲಿ ನೀರಿಗೆ ನಾಲ್ಕು ಹನಿ ನಿಂಬಿಹಣ್ಣು ಹಿಂಡಿ ನೋಡ್ರಿ, ನೇರಳಿ ಬಣ್ಣಕ್ಕ ತಿರಗ್ತದ. ಮೊಮ್ಮಕ್ಕಳಿಗೆ ತೋರಸಲಿಕ್ಕೆ ಇದರಕಿಂತಾ ಛಲೋ ಜಾದೂ ಇಲ್ಲ.

ಸುಖದ ಮಾತು ಇಲ್ಲೀತನಕ. ಇನ್ನ ಸ್ವಲ್ಪ ಖಡಕ್ ಮಾತು, ಸಿಟ್ಟಾಗಬ್ಯಾಡ್ರಿ.

"ಡಿಟಾಕ್ಸ್ ಚಹಾ", "ತೂಕಾ ಇಳಸೋ ಚಹಾ" ಅಂತ ಬರೋ ಡಬ್ಬಿ ಹಿಂದ ಸಣ್ಣ ಅಕ್ಷರ ಓದ್ರಿ. ಎಷ್ಟೋ ಕಡೆ ಸೋನಾಮುಖಿ ಇರ್ತದ. ಅದು ಭೇದಿ ಆಗೋ ಎಲಿ. ಕಾಟಾದ ಮ್ಯಾಲೆ ಕಡಿಮಿ ಆಗಿದ್ದು ನೀರು, ಬೊಜ್ಜಲ್ಲ. ಮೈಯಾಗಿನ ಹೊಲಸು ತಗೀಲಿಕ್ಕೆ ದೇವರು ಲಿವರ್, ಕಿಡ್ನಿ ಕೊಟ್ಟಾನ. ಜ್ಯೇಷ್ಠಮಧು ಗಂಟಲಕ್ಕ ಹಿತಾ ಖರೆ, ದಿನಾ ಕುಡದ್ರ ಬಿಪಿ ಏರಸ್ತದ. ಬಿಪಿ ಇದ್ದವರು ದೂರ ಇರ್ರಿ. ಅಮೃತಬಳ್ಳಿ ಕಷಾಯ ಕೊರೊನಾ ಕಾಲದಾಗ ಮನಿಮನಿಯಾಗ ಕುದೀತಿತ್ತು. ಆ ಹೊತ್ತಿನ್ಯಾಗ ಅದನ್ನ ತೊಗೊಂಡ ಕೆಲವರಿಗೆ ಲಿವರ್ ತೊಂದ್ರಿ ಆಗಿದ್ದನ್ನ ಮುಂಬೈ ಡಾಕ್ಟರು ಬರದಾರ. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಬ್ಯಾರೆ ಬಳ್ಳಿ ಇರಬಹುದು ಅಂತು. ನಮ್ಮಂಥವರಿಗೆ ಅದರಾಗ ಪಾಠ ಏನಂದ್ರ, ಗಿಡಾ ಯಾವದು ಅಂತ ಗುರ್ತಾ ಇಲ್ಲದಿದ್ರ ಕುಡೀಬ್ಯಾಡ್ರಿ. ಬಸರಿದ್ದವರು, ದಿನಾ ಗುಳಗಿ ತೊಗೊಳ್ಳೋರು ಹೊಸಾ ಕಷಾಯ ಶುರು ಮಾಡೋಕಿಂತ ಮೊದಲ ಡಾಕ್ಟರಿಗೆ ಕೇಳ್ರಿ.

ಇನ್ನ ನನಗ ಎಲ್ಲಾದಕ್ಕಿಂತ ದೊಡ್ಡದು ಅನಸೋ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ. ಕರ್ನಾಟಕದಾಗ ನೂರಕ್ಕ ಹತ್ತಿರಹತ್ತಿರ 48. ಅಂದ್ರ ಕಟ್ಟಿ ಮ್ಯಾಲೆ ಕೂತ ಹತ್ತು ಮಂದಿಯೊಳಗ ಐದು ಮಂದಿ. ಎರಡು ಮೆಟ್ಟಲಾ ಹತ್ತಿದ್ರ ಏದುಸಿರು, ಕೂದಲಾ ಉದರೋದು, ಮಧ್ಯಾಹ್ನಕ್ಕ ಕೈಕಾಲು ಬಿದ್ಧೋಗೋದು, ಇದನ್ನ ನಾವು "ವಯಸ್ಸು" ಅಂತ ಬಿಟ್ಟಬಿಡ್ತೀವಿ. ಮತ್ತ ಆ ದಣಿವಿಗೆ ಮದ್ದು ಏನು? ಇನ್ನೊಂದು ಕಪ್ಪು ಚಹಾ!

ಚಹಾದಾಗಿನ ಒಗರು ಅಂಶ ಅದಲ್ಲ, ಅದು ಸೊಪ್ಪು, ಕಾಳು, ರೊಟ್ಟಿಯೊಳಗಿನ ಕಬ್ಬಿಣದ ಅಂಶಕ್ಕ ಅಂಟಿಕೊಂಡು ಅದನ್ನ ಮೈಗೆ ಹತ್ತಗೊಡಂಗಿಲ್ಲ. ಮಾಂಸಾ ತಿನ್ನಲಾರದ ಮನಿಗೋಳಾಗ ಇದರ ಪೆಟ್ಟು ಹೆಚ್ಚು, ಯಾಕಂದ್ರ ನಮಗ ಕಬ್ಬಿಣ ಬರೋದ ಕಾಳು-ತಪ್ಪಲಿನಿಂದ. ಗ್ರೀನ್ ಟೀ ಆದ್ರೂ ಅಷ್ಟ, ಪುದೀನಾ, ಕ್ಯಾಮೊಮೈಲ್ನಂಥ ಎಲಿ-ಹೂವಿನ ನೀರೂ ಒಂದಷ್ಟು ಅದ ಕೆಲಸಾ ಮಾಡ್ತದ. ಹಂಗಂತ ಚಹಾ ಬಿಡಬೇಕಿಲ್ಲ. ಊಟಕ್ಕ ಒಂದು ತಾಸು ಮೊದಲು, ಊಟಾದ ಒಂದು ತಾಸಿನ ಮ್ಯಾಲೆ ಕುಡೀರಿ ಅಂತ 2024ರಾಗ ಐಸಿಎಂಆರ್ ಆಹಾರದ ಮಾರ್ಗಸೂಚಿಯೊಳಗನೂ ಹೇಳ್ಯಾರ. ಒಂದು ಸಣ್ಣ ಕಪ್ಪು, ಅಂದ್ರ 150 ಎಂ.ಎಲ್. ಚಹಾದಾಗ 30ರಿಂದ 65 ಮಿಲಿಗ್ರಾಂ ಕೆಫೀನ್ ಇರ್ತದ, ದಿನಕ್ಕ 300 ದಾಟಬಾರದು ಅಂತನೂ ಅದರಾಗ ಅದ. ಊಟದ ಜೋಡಿ ನಿಂಬಿಹಣ್ಣು ಹಿಂಡ್ಕೊಂಡ್ರ ಕಬ್ಬಿಣ ಛಲೋ ಹತ್ತತದ. ಅದಕ್ಕ ಲಿಂಬಿ ಊಟಕ್ಕ, ಚಹಾ ಆಮ್ಯಾಲೆ.

ಗುಳಗಿದೂ ಹಂಗ. ಕಬ್ಬಿಣದ ಗುಳಗಿ ಚಹಾದ ಜೋಡಿ ನುಂಗಿದ್ರ ಅರ್ಧಾ ಗುಳಗಿ ಮೋರಿಗೆ ಹಾಕಿದಂಗ. ಥೈರಾಯ್ಡ್ ಗುಳಗಿ ಬರೇ ಹೊಟ್ಟಿಲೆ, ಬರೇ ನೀರಾಗ ತೊಗೊಂಡು, ಅರ್ಧಾ ತಾಸರೆ, ಆದ್ರ ಒಂದು ತಾಸು ಬಿಟ್ಟು ಚಹಾ ಕುಡೀಬೇಕು. ನಮ್ಮ ಓಣಿಯೊಳಗ ಥೈರಾಯ್ಡ್ ಗುಳಗಿ ತೊಗೊಳ್ಳೋ ಹೆಣ್ಣಮಕ್ಕಳು ಮನಿಗೊಬ್ಬರು ಇದ್ದಾರ. ಅವರಾಗ ಎಷ್ಟು ಮಂದಿಗೆ ಗುಳಗಿ ಬಾಯಾಗ, ಚಹಾದ ಕಪ್ಪು ಕೈಯಾಗ ಅನ್ನೋದು ನಿಮಗ ಗೊತ್ತು.

"ಹೇಳೋದು ಸರಳ ಬಿಡ್ವಾ, ಎಂಟು ಮಂದಿ ಮನ್ಯಾಗ ತಾಸು ನೋಡಕೋತ ಕೂಡ್ತಾರೇನು?" ಅಂತೀರಿ. ಖರೆ ಅದ. ಮನಿ ಮಂದಿಗೆಲ್ಲಾ ಚಹಾ ಕೊಡೋಾಕಿ ತಾನು ಕಡೀಕ, ಆರಿದ್ದು, ಒಲಿ ಮುಂದ ನಿಂತ, ಒಂದ ಗುಟುಕಿಗೆ ಕುಡೀತಾಳ. ಮುಂಜಾನೆ ಎರಡು ಕಪ್ಪು ಚಹಾದ ಮ್ಯಾಲೆ ಹನ್ನೊಂದರ ತನಕ ಎಳೀತಾಳ, ನಾಷ್ಟಾ ಉಳದ್ರ ತಿಂತಾಳ. ನನ್ನ ತಕರಾರು ಇರೋದ ಇಲ್ಲಿ. ತುಟ್ಟಿ ಡಬ್ಬಿ ತಂದು, ಅದನ್ನೂ ನಿಂತ, ಹಸದ ಹೊಟ್ಟಿಲೆ ಕುಡದ್ರ ಆರೋಗ್ಯ ಎಲ್ಲಿಂದ ಬರ್ತದ?

ಅದಕ್ಕ ನನ್ನ ಸರಳ ಲೆಕ್ಕಾ ಇಷ್ಟ. ಮುಂಜಾನೆ ಎದ್ದ ಮ್ಯಾಲೆ ಬಿಸಿನೀರು, ಬೇಕಾದ್ರ ಮನಿ ಕಷಾಯ. ಥೈರಾಯ್ಡ್ ಗುಳಗಿ ಇದ್ದವರಿಗೆ ಕಷಾಯಾನೂ ತಾಸು ಬಿಟ್ಟ. ಒಂಬತ್ತರೊಳಗ ಹೊಟ್ಟಿಗೆ ಉಪ್ಪಿಟ್ಟೋ, ರೊಟ್ಟಿನೋ, ಮಂದಿ ಜೋಡಿನ. ಹತ್ತೂವರಿಗೆ, ಮನಿ ಖಾಲಿ ಆದ ಮ್ಯಾಲೆ, ನಿಮ್ಮ ಹೆಸರಿನ ಒಂದು ಕಪ್ಪು ಎಲಿ ಚಹಾ. ನಾಲ್ಕಕ್ಕ ಎಲ್ಲಾರ ಜೋಡಿ ಅಲ್ಲಾ ಹಾಕಿದ ಹಾಲಿನ ಚಹಾ. ರಾತ್ರಿ ಬೇಕನಿಸಿದ್ರ ತುಳಸಿದೋ, ಬಡೇಸೋಪಿಂದೋ, ಊಟ ಆಗಿ ತಾಸಿನ ಮ್ಯಾಲೆ.

ಎಲಿ ನೆನಿಯೋ ಮೂರು-ನಾಲ್ಕು ನಿಮಿಷ ಅದಲ್ಲ, ಹಾಲಿನ ಚಹಾದಂಗ ಉಕ್ಕೀತು ಅಂತ ಕಾಯೋ ಕೆಲಸ ಅದರಾಗ ಇಲ್ಲ. ಮುಚ್ಚಿಟ್ಟು ಕುರ್ಚಿ ಮ್ಯಾಲೆ ಕೂಡಬಹುದು. ನಾ ಎಲಿ ಚಹಾದ ಪಾರ್ಟಿ ಸೇರಿದ್ದು ಅದಕ್ಕ. ಹೊಸಾ ಡಬ್ಬಿ ತರೋಕಿಂತ ಮೊದಲು ಒಮ್ಮೆ ಹಿಮೋಗ್ಲೋಬಿನ್ ತಪಾಸ ಮಾಡಿಸ್ರಿ, 12ಕ್ಕಿಂತ ಕಡಿಮಿ ಬಂದ್ರ ಡಾಕ್ಟರ ಕಡೆ ಹೋಗ್ರಿ. ಆಮ್ಯಾಲೆ ಯಾವ ಚಹಾ ಬೇಕಾದ್ರೂ ಕುಡೀರಿ, ಬಿಸಿ ಇರೋದ್ರಾಗ ಕುಡೀರಿ, ಕೂತು ಕುಡೀರಿ.