ಆಸ್ಪತ್ರೆಯ ಮರ್ಯಾದೆ, ಹೆಣ್ಣಿನ ಪ್ರಾಣ

ಅಮೆರಿಕದ ಬಾಸ್ಟನ್ ನಗರದ ಒಂದು ದೊಡ್ಡ ಆಸ್ಪತ್ರೆ. ಅದರ ಮುಖ್ಯಸ್ಥನ ಮಗಳು, ಇನ್ನೂ ಚಿಕ್ಕ ವಯಸ್ಸಿನವಳು, ಯಾರೋ ಕದ್ದುಮುಚ್ಚಿ ಮಾಡಿದ ಗರ್ಭಪಾತದಿಂದ ಸಾಯುತ್ತಾಳೆ. ಪೊಲೀಸರು ಹಿಡಿಯುವುದು ಚೀನೀ ಮೂಲದ ಡಾಕ್ಟರ್ ಟಾವೋನನ್ನು. ಅವನು ಇತರ ಹೆಂಗಸರಿಗೆ ಗರ್ಭಪಾತ ಮಾಡಿಕೊಟ್ಟದ್ದುಂಟು. ಆದರೆ ಈ ಹುಡುಗಿಗಲ್ಲ. ನಿಜವಾದ ತಪ್ಪಿತಸ್ಥರನ್ನು ಹುಡುಕಲು ಗೆಳೆಯ ಡಾಕ್ಟರ್ ಕ್ಯಾರಿ ಹೊರಡುತ್ತಾನೆ. ಇದು 1972ರಲ್ಲಿ ಎಂ.ಜಿ.ಎಂ. ಕಂಪನಿ ತೆಗೆದ 'ದಿ ಕ್ಯಾರಿ ಟ್ರೀಟ್‌ಮೆಂಟ್' ಚಿತ್ರದ ಕಥೆ. ಕ್ಯಾರಿಯಾಗಿ ಜೇಮ್ಸ್ ಕೋಬರ್ನ್ ನಟಿಸಿದ್ದಾನೆ.

ಇದರ ಮೂಲ 'ಎ ಕೇಸ್ ಆಫ್ ನೀಡ್' ಎಂಬ 1968ರ ಕಾದಂಬರಿ. ಬರೆದವನು ಮೈಕೇಲ್ ಕ್ರೈಟನ್. ಹಾರ್ವರ್ಡ್‌ನಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ಹುಡುಗ. ಪುಸ್ತಕದ ಮೇಲೆ ಹಾಕಿದ ಹೆಸರು ಮಾತ್ರ ಜೆಫ್ರಿ ಹಡ್ಸನ್. ಚಿತ್ರಕಥೆ ಬರೆದ ಮೂವರೂ ತಮ್ಮ ಹೆಸರು ಬೇಡವೆಂದು ಬೇರೊಂದು ಹೆಸರು ಹಾಕಿಸಿದರು. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್, ಕಂಪನಿಯ ಧಣಿಗಳು ತನ್ನ ಚಿತ್ರವನ್ನು ಕೆಡಿಸಿದರೆಂದು ಜಗಳವಾಡಿದ. ದುಡ್ಡು ಹಾಕಿದವನ ಕೈಯಲ್ಲಿ ಕತ್ತರಿಯಿರುವುದು ಆಸ್ಪತ್ರೆಯಲ್ಲಿ ಮಾತ್ರವಲ್ಲ!

ಪತ್ತೇದಾರಿ ಕಥೆಯಾಗಿ ಚಿತ್ರ ಬೇಸರ ತರಿಸುವುದಿಲ್ಲ, ಒಪ್ಪೋಣ. ನಮ್ಮ ತಕರಾರು ಬೇರೆ. ಸತ್ತವಳು ಮುಖ್ಯಸ್ಥನ ಮಗಳಾದ್ದರಿಂದ ಊರೆಲ್ಲ ಎದ್ದಿತು, ಒಬ್ಬ ಡಾಕ್ಟರ್ ಜೈಲಿಗೆ ಹೋದ. ಅದೇ ಆಸ್ಪತ್ರೆಯ ನೆಲ ಒರೆಸುವವಳ ಮಗಳು ಸತ್ತಿದ್ದರೆ? ಈ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ; ಕಾರಿನ ಓಟವನ್ನು ತೋರಿಸುತ್ತದೆ. ನ್ಯಾಯ ಹುಡುಕುವ ನಾಯಕನೇ ಒಬ್ಬ ಹುಡುಗಿಯನ್ನು ಕಾರಿನಲ್ಲಿ ಕೂರಿಸಿ, ಹುಚ್ಚು ವೇಗದಲ್ಲಿ ಓಡಿಸಿ, ಹೆದರಿಸಿ ಬಾಯಿ ಬಿಡಿಸುತ್ತಾನೆ.

ಆ ದೇಶದಲ್ಲಿ ಆಗ ನಡೆಯುತ್ತಿದ್ದುದೇನು? ತಾಯಿಯ ಪ್ರಾಣ ಉಳಿಸಲು ಗರ್ಭ ತೆಗೆಯಬಹುದೆಂಬ ಸಣ್ಣ ಕಿಂಡಿ ಬಹುತೇಕ ರಾಜ್ಯಗಳ ಕಾಯಿದೆಯಲ್ಲಿತ್ತು. ಯಾರಿಗೆ ಆ ಅವಕಾಶ ಎಂದು ತೀರ್ಮಾನಿಸಲು ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರುಗಳ ಸಮಿತಿಯಿತ್ತು. ಫೀಜು ತೆತ್ತು ಮನೋವೈದ್ಯರ ಕಾಗದ ತರಬಲ್ಲವಳಿಗೆ ಕಿಂಡಿ ಬಾಗಿಲಾಯಿತು. ಧರ್ಮದ ವಾರ್ಡಿಗೆ ಬಂದವಳಿಗೆ ಗೋಡೆಯಾಯಿತು. ಉಳ್ಳವರು ಹೊರದೇಶಕ್ಕೆ ಹೋಗಿಬಂದರು. ಇಲ್ಲದವರು ಸೋಪಿನ ನೀರು, ಕಬ್ಬಿಣದ ತಂತಿ, ಹಿತ್ತಲ ಕೋಣೆಯ ಮೊರೆಹೊಕ್ಕರು. ಆಮೇಲೆ ನಂಜೇರಿ ಅದೇ ಆಸ್ಪತ್ರೆಗೆ ಬಂದು ಬಿದ್ದರು. ಸಮಿತಿಯ ಮಹಾಶಯರು ಆಸ್ಪತ್ರೆಯ ಹೆಸರಿಗೆ ಮಸಿ ತಾಗದಂತೆ ನೋಡಿಕೊಂಡರು. ಕಾಯಿದೆ ಗರ್ಭಪಾತವನ್ನು ನಿಲ್ಲಿಸಲಿಲ್ಲ. ಯಾರು ಬದುಕಬೇಕೆಂದು ಕಿಸೆ ನೋಡಿ ಆರಿಸಿತು.

1970ರ ಜುಲೈಯಿಂದ ನ್ಯೂಯಾರ್ಕ್ ರಾಜ್ಯ ಬಾಗಿಲು ತೆರೆದಿತ್ತು. ಹಾಗಾಗಿ ಚಿತ್ರ ಬಂದ ವರ್ಷ, ಬಾಸ್ಟನ್ನಿನಲ್ಲಿ ಪ್ರಯಾಣದ ಖರ್ಚೂ ಡಾಕ್ಟರ ಫೀಜೂ ಇದ್ದವಳು ಅಲ್ಲಿಗೆ ಹೋಗಿ ಜೀವ ಉಳಿಸಿಕೊಂಡು ಮರಳಬಹುದಿತ್ತು. 1973ರ ಜನವರಿ 22ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಆ ಹಕ್ಕು ಕೊಟ್ಟಿತು. ಮೂರೇ ವರ್ಷದಲ್ಲಿ, 1976ರಲ್ಲಿ, ಅಲ್ಲಿನ ಕಾಂಗ್ರೆಸ್ಸು ಹೈಡ್ ತಿದ್ದುಪಡಿ ತಂದು, ಬಡವರ ವೈದ್ಯನೆರವಿನ ಕೇಂದ್ರದ ಹಣವನ್ನು ಇದಕ್ಕೆ ಕೊಡಕೂಡದೆಂದಿತು. ಹಕ್ಕು ಎಲ್ಲರಿಗೆ, ಬಿಲ್ಲು ಬಡವಳಿಗೆ!

2022ರ ಜೂನ್ 24ರಂದು ಅದೇ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಮಾಡಿತು. ಟೆಕ್ಸಾಸಿನಂಥ ರಾಜ್ಯಗಳು ಬಹುಮಟ್ಟಿಗೆ ನಿಷೇಧಿಸಿದವು; ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ಹಕ್ಕನ್ನು ಉಳಿಸಿಕೊಂಡಿತು. ಟೆಕ್ಸಾಸಿನ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹೆಣ್ಣುಮಗಳು ಪರರಾಜ್ಯದ ಡಾಕ್ಟರನ್ನು ಕಾಣಬೇಕಾದರೆ ದಿನಗೂಲಿ ಬಿಡಬೇಕು, ಟಿಕೆಟ್ಟಿಗೆ ಸಾಲ ಮಾಡಬೇಕು, ಮನೆಯ ಮಕ್ಕಳನ್ನು ಯಾರ ಕೈಯಲ್ಲಾದರೂ ಬಿಟ್ಟು ಹೋಗಬೇಕು.